ಬದುಕಿದ್ದವಳ ತಿಥಿ ಊಟ

ವಿದ್ಯಾರ್ಥಿವೇತನದ ಅರ್ಜಿ ಕೈಗೆ ಬಂದರೆ ನಾನು ಮೊದಲು ತಿರುವುವುದು ಕೊನೆಯ ಪುಟವನ್ನು. ತಂದೆಯ ಸಹಿ ಇರುವುದು ಅಲ್ಲಿ. ಹುಡುಗರು ತಾವೇ ಗೀಚಿಕೊಂಡು ಬಂದಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ. ಅಪ್ಪಂದಿರ ಸಹಿ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಆ ವರ್ಷದ ಜುಲೈನಲ್ಲಿ, ಹೊಸಪೇಟೆಯ ನಮ್ಮ ಕಾಲೇಜಿನ ಕಚೇರಿ ಕಿಟಕಿಯೊಳಗೆ ಅರ್ಜಿ ಚಾಚಿದ ಒಬ್ಬ ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಮಿಕ್ಕಿದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದಳು. ಸಹಿ ಹಾಕಿಸಿಕೊಂಡು ಬಾ ಎಂದು ಹಿಂದಕ್ಕೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

“ಅವರು ಹಾಕಂಗಿಲ್ರಿ ಮೇಡಂ. ನನ್ನ ತಿಥಿ ಮಾಡಿಬಿಟ್ಟಾರ್ರಿ.”

ಅವಳ ಹಿಂದೆ ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ನಾನು ಕಿಟಕಿ ಮುಚ್ಚಿ ಅವಳನ್ನು ಒಳಗೆ ಕರೆದೆ. ನಮ್ಮದು ಹಂಪಿ ಕಡೆಯ ಅರ್ಚಕರ ಮನೆ. ತಿಥಿಯ ಅಡುಗೆಗೆ ಯಾವ ತರಕಾರಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದೆಲ್ಲ ನನಗೆ ಲಂಗ ಉಡುವ ವಯಸ್ಸಿನಿಂದಲೇ ಬಾಯಿಪಾಠ. ಆದರೆ ತಿಥಿ ಮಾಡಿಸಿಕೊಂಡವರು ಎದುರಿಗೆ ಬಂದು ಕುರ್ಚಿಯಲ್ಲಿ ಕೂತದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವಳ ಊರು ಕಂಪ್ಲಿ. ಅಪ್ಪ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದವನು, ಅದಿರಿನ ಹುಚ್ಚು ಹತ್ತಿದ ಮೇಲೆ ಟಿಪ್ಪರ್ ಕೊಂಡು ಸಂಡೂರಿನ ಗಣಿಗಳಿಗೆ ಓಡಿಸಲು ಶುರು ಮಾಡಿದ. ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಸಾಲಾಯಿತು. ಸಂಡೂರಿನಲ್ಲಿ ಅದಿರಿನ ಡಿಪೊ ಇಟ್ಟುಕೊಂಡಿದ್ದ ಮನೆಯ ಹುಡುಗನಿಗೆ ಇವಳನ್ನು ಕೊಡುವುದೆಂದು ಮಾತಾಯಿತು. ಕೊಟ್ಟರೆ ಅಪ್ಪನ ಟಿಪ್ಪರುಗಳಿಗೆ ವರ್ಷವಿಡೀ ಲೋಡು. ಇವಳು ಆಗ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದಳು. ಓದು ಮುಗಿಯುವವರೆಗೆ ಬೇಡ ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ವೀಳ್ಯಶಾಸ್ತ್ರದ ದಿನ ಬೆಳಿಗ್ಗೆ ಬಸ್ಸು ಹತ್ತಿ ಬುಕ್ಕಸಾಗರದಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿಬಿಟ್ಟಳು. ಸಂಡೂರಿನವರು ಬಂದ ಗಾಡಿಯಲ್ಲೇ ವಾಪಸು ಹೋದರು.

ಅಪ್ಪ ಬುಕ್ಕಸಾಗರಕ್ಕೆ ಬಂದು ಕರೆದ, ಬೈದ, ಎಳೆದ. ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಅದೇ ತಿಂಗಳು ಅವನು ಹುಲ್ಲಿನ ಗೊಂಬೆ ಮಾಡಿಸಿ ಕಂಪ್ಲಿಯ ಹೊಳೆದಂಡೆಯಲ್ಲಿ ಸುಟ್ಟ, ತಲೆಗೆ ನೀರು ಹಾಕಿಕೊಂಡ, ದೈವದವರನ್ನು, ಅಂದರೆ ಕುಲದ ಹಿರಿಯರನ್ನೆಲ್ಲ ಕೂಡಿಸಿ ಮಗಳ ಹೆಸರಿನಲ್ಲಿ ತಿಥಿ ಊಟ ಹಾಕಿಸಿದ. ಓಡಿಹೋಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಹೀಗೆ ಮಾಡುವುದನ್ನು ನಾನು ಕೇಳಿದ್ದೆ. ಮದುವೆ ಬೇಡವೆಂದು ಓದಲು ಹೋದವಳಿಗೆ ಮಾಡಿದ್ದನ್ನು ಕೇಳಿದ್ದು ಅದೇ ಮೊದಲು. ನನ್ನ ಮೈ ಉರಿಯಿತು.

ಅಡುಗೆ ಯಾರು ಮಾಡಿದರು ಎಂದು ಕೇಳಿದೆ. ಯಾಕೆ ಕೇಳಿದೆನೋ, ನಮ್ಮ ಮನೆಯ ಅಭ್ಯಾಸ ಇರಬೇಕು. ಅವಳು ತಲೆ ತಗ್ಗಿಸಿ ಅವ್ವ ಎಂದಳು. ಶಾಲೆಯ ಪ್ರಗತಿಪತ್ರಗಳಿಗೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದವಳು ಆ ಅವ್ವನೇ. ಅಪ್ಪ ಒಂದಕ್ಕೂ ಸಹಿ ಹಾಕಿದವನಲ್ಲ. ನಮ್ಮ ಕಾಲೇಜಿಗೆ ಸೇರಿಸುವಾಗಲೂ ಲಾರಿ ಆಫೀಸಿನ ಗುಮಾಸ್ತನನ್ನು ಕಳಿಸಿದ್ದ.

ಅವಳಿಗೆ ಬೇಕಾಗಿದ್ದದ್ದು ಎರಡು: ಸರ್ಕಾರಿ ಹಾಸ್ಟೆಲಿನಲ್ಲಿ ಒಂದು ಜಾಗ, ಕಾಲೇಜಿನ ಶುಲ್ಕಕ್ಕೆ ವಿದ್ಯಾರ್ಥಿವೇತನ. ಅತ್ತೆ ವಿಧವೆ, ಭತ್ತದ ನಾಟಿ ಕೂಲಿಯಲ್ಲಿ ಬದುಕುವವಳು. ಹುಡುಗಿ ರಜೆಯ ದಿನ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಹಾಸಿಗೆ ಬಟ್ಟೆ ಒಗೆದು, ಕೋಣೆ ಗುಡಿಸಿ ಬರುತ್ತಿದ್ದಳು. ಅದರಿಂದ ಬಸ್ಸಿಗೂ ಪುಸ್ತಕಕ್ಕೂ ಸಾಕಾಗುತ್ತಿತ್ತು, ಶುಲ್ಕಕ್ಕೆ ಅಲ್ಲ. ವಿದ್ಯಾರ್ಥಿವೇತನ ಸಿಗದಿದ್ದರೆ ಕಾಲೇಜು ಬಿಡಬೇಕು. ಬಿಟ್ಟರೆ ಅತ್ತೆಯ ಮೇಲೆ ಊರಿನವರ ಒತ್ತಡ ಬೀಳುತ್ತದೆ, ಓದದೆ ಕೂತ ಹುಡುಗಿಯನ್ನು ಯಾಕೆ ಇಟ್ಟುಕೊಂಡಿದ್ದೀಯ ಎಂದು. ಆಮೇಲೆ ಉಳಿಯುವುದು ಸಂಡೂರಿನ ಡಿಪೊ ಮನೆ. ಇದನ್ನೆಲ್ಲ ಅವಳೇ ಲೆಕ್ಕದ ಪಾಠ ಒಪ್ಪಿಸುವ ಹಾಗೆ ಹೇಳಿದಳು.

ನಾನು ನಿಯಮದ ಪುಸ್ತಕ ತೆಗೆದೆ. ತಂದೆ ಸತ್ತಿದ್ದರೆ ಮರಣ ಪ್ರಮಾಣಪತ್ರ. ತಂದೆ ತಾಯಿ ಬೇರೆಯಾಗಿದ್ದರೆ ನ್ಯಾಯಾಲಯದ ಆದೇಶ. ಇಬ್ಬರೂ ಇಲ್ಲದಿದ್ದರೆ ಅನಾಥಾಲಯದ ಪತ್ರ. ಬದುಕಿದ್ದು, ಚೆನ್ನಾಗಿಯೇ ಬದುಕಿದ್ದು, ಮಗಳನ್ನು ಸುಟ್ಟು ಬಂದ ಅಪ್ಪನಿಗೆ ಎಲ್ಲೂ ಒಂದು ಕಾಲಂ ಇರಲಿಲ್ಲ. ಅಪ್ಪನ ಆದಾಯವೇ ಮಗಳ ಆದಾಯ ಎಂದು ಸರ್ಕಾರ ತಿಳಿದುಕೊಂಡಿತ್ತು. ಆ ದಿನಗಳಲ್ಲಿ ಹೊಚ್ಚ ಹೊಸ ಬೈಕು ಕಾಲೇಜಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಬಡತನದ ಪ್ರಮಾಣಪತ್ರ ಹಿಡಿದು ನನ್ನ ಕಿಟಕಿಗೆ ಬರುವ ಹುಡುಗರು ಎಷ್ಟೋ ಮಂದಿ ಇದ್ದರು. ಅವರ ಕಾಗದಗಳಲ್ಲಿ ಒಂದು ಚುಕ್ಕೆ ಕಡಿಮೆ ಇರುತ್ತಿರಲಿಲ್ಲ. ಅವರ ಅರ್ಜಿ ನಾನು ತೆಗೆದುಕೊಳ್ಳಲೇಬೇಕು, ಇವಳದನ್ನು ತಿರಸ್ಕರಿಸಲೇಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಪೂಜಾರಿಯ ಕೆಲಸಕ್ಕೆ ನನಗೆ ಸಂಬಳ ಬರುತ್ತಿತ್ತು.

ಮೊದಲು ಸುಲಭದ ದಾರಿ ನೋಡೋಣವೆಂದು ಒಂದು ಭಾನುವಾರ ಕಂಪ್ಲಿಗೆ ಹೋದೆ. ಹೊಸ ಮನೆ, ಮುಂದೆ ಟಿಪ್ಪರುಗಳು, ಭತ್ತದ ಚೀಲ ಇರಬೇಕಾದ ಪಡಸಾಲೆಯಲ್ಲಿ ಟೈರುಗಳು. ಅಪ್ಪ ಮರ್ಯಾದಸ್ಥ. ಬರ್ರಿ, ಕುಂದ್ರಿ ಎಂದು ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ. ಬಂದ ಕಾರಣ ಹೇಳಿದೆ. ಅವನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಮಗಳು ಇದ್ದಳು, ಈಗ ಇಲ್ಲ, ನೀವು ಚಹಾ ಕುಡೀರಿ ಎಂದ. ಸಹಿ ಬೇಡ, ಬೇರೆ ಇದ್ದಾಳೆ ಎಂದು ಒಂದು ಸಾಲು ಬರೆದುಕೊಡಿ ಎಂದೆ. ಇಲ್ಲದವಳ ಬಗ್ಗೆ ಏನು ಬರೆಯುವುದು ಎಂದು ನನ್ನನ್ನೇ ಕೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿ ನಾನು ಎದ್ದೆ. ಚಪ್ಪಲಿ ಮೆಟ್ಟುವಾಗ ಪಕ್ಕದ ಬಾಗಿಲ ಸಂದಿನಿಂದ ಒಂದು ದನಿ ಬಂತು. ಅವಳ ಅವ್ವ. “ಹೊಟ್ಟಿ ತುಂಬ ಉಣ್ತಾಳೇನ್ರಿ?” ಅಷ್ಟೇ ಕೇಳಿದಳು. ಉಣ್ಣುತ್ತಾಳೆ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು, ಅದರ ಹಿಂದೆಯೇ ಹಟವೂ ಬಂತು.

ಎರಡನೆಯ ದಾರಿ ಅತ್ತೆಯ ಪಡಿತರ ಚೀಟಿ. ಅದರಲ್ಲಿ ಹುಡುಗಿಯ ಹೆಸರು ಸೇರಿಸಿದರೆ ಅತ್ತೆಯ ಆದಾಯದ ಮೇಲೆ ಪ್ರಮಾಣಪತ್ರ ಮಾಡಿಸಬಹುದು. ಬುಕ್ಕಸಾಗರದ ಗ್ರಾಮ ಲೆಕ್ಕಿಗ ಒಳ್ಳೆಯ ಮನುಷ್ಯ. ಎಲ್ಲ ಕೇಳಿ ನಿಟ್ಟುಸಿರು ಬಿಟ್ಟ. ಇಲ್ಲಿ ಸೇರಿಸಬೇಕಾದರೆ ಕಂಪ್ಲಿಯ ಚೀಟಿಯಿಂದ ತೆಗೆಯಬೇಕು. ಅಲ್ಲಿಂದ ತೆಗೆಯಬೇಕಾದರೆ ಮನೆಯ ಯಜಮಾನ ಅರ್ಜಿ ಕೊಡಬೇಕು, ಇಲ್ಲವೇ ಅವಳ ಮರಣ ಪ್ರಮಾಣಪತ್ರ ಬೇಕು. ಊರಿಗೆ ಸತ್ತವಳು ಪಡಿತರ ಅಂಗಡಿಗೆ ಬದುಕಿದ್ದಳು. ಅವಳ ಪಾಲಿನ ಅಕ್ಕಿಯನ್ನು ಆ ಮನೆಯವರು ಈಗಲೂ ತರುತ್ತಿದ್ದಾರೋ ಏನೋ ಎಂದು ನಾನಂದೆ. ಹುಡುಗಿ ನಕ್ಕಳು. ಅವಳು ನಕ್ಕದ್ದನ್ನು ಮೊದಲು ನೋಡಿದ್ದು ಅಲ್ಲಿ.

ಮೂರನೆಯ ದಾರಿ ತಾನಾಗಿ ಎದುರು ಬಂತು. ಕಚೇರಿಗಳ ಮುಂದೆ ಟೈಪಿಂಗ್ ಅಂಗಡಿ ಇಟ್ಟುಕೊಂಡು ಕೂರುವವರಿಗೆ ಜನರ ಕಷ್ಟ ನಡಿಗೆಯಲ್ಲೇ ಗೊತ್ತಾಗುತ್ತದೆ. ಅಂಥ ಒಬ್ಬ ನಮ್ಮನ್ನು ಕರೆದು, ಇಷ್ಟಕ್ಕೆಲ್ಲ ಯಾಕೆ ಒದ್ದಾಡುತ್ತೀರಿ, ಅನಾಥೆ ಎಂದು ಒಂದು ಕಾಗದ ಹುಟ್ಟಿಸಿಕೊಡುತ್ತೇನೆ ಎಂದ. ಸುಳ್ಳು ಹೇಳಬಾರದು, ನನ್ನ ಮನಸ್ಸು ಅತ್ತ ವಾಲಿತು. ಅಪ್ಪನೇ ಮಗಳನ್ನು ಕೊಂದು ಹಾಕಿದ್ದಾನೆ, ಮಗಳು ಅಪ್ಪನನ್ನು ಕೊಂದರೆ ಲೆಕ್ಕ ಸರಿಹೋಯಿತಲ್ಲ ಎನ್ನಿಸಿತು. ಹುಡುಗಿಯ ಮುಖ ನೋಡಿದೆ.

“ಅನಾಥಿ ಅಂತ ಬರಸಬ್ಯಾಡ್ರಿ ಮೇಡಂ,” ಎಂದಳು. “ಅವರು ನನ್ನ ಇಲ್ಲ ಅಂದ್ರು. ನಾನೂ ಅವರನ್ನ ಇಲ್ಲ ಅಂದ್ರ ನಾನೂ ಅವರಂಗ ಆದ್ನಲ್ರಿ.”

ಟೈಪಿಂಗ್‌ನವನು ಕೈ ಚೆಲ್ಲಿದ. ನಾನು ಅಲ್ಲೇ ರಸ್ತೆ ಬದಿ, ಅದಿರಿನ ಧೂಳು ಕುಡಿಯುತ್ತ, ನಿರ್ಧಾರ ಮಾಡಿದೆ. ಸತ್ಯವನ್ನೇ ಬರೆಯುವುದು, ಅದೂ ಪೂರ್ತಿಯಾಗಿ. ತಂದೆ ಇದ್ದಾನೆ, ಸ್ಥಿತಿವಂತ. ಮಗಳ ತಿಥಿ ಮಾಡಿದ್ದಾನೆ. ಆದ್ದರಿಂದ ಅವನ ಆದಾಯ ಇವಳದಲ್ಲ. ಇವಳ ಆದಾಯ ಹಂಪಿಯಲ್ಲಿ ಬಟ್ಟೆ ಒಗೆದದ್ದು ಮಾತ್ರ. ಸ್ಥಳ ವಿಚಾರಣೆ ಮಾಡಿ ಅವಳ ಹೆಸರಿನಲ್ಲೇ ಆದಾಯ ಪ್ರಮಾಣಪತ್ರ ಕೊಡಬೇಕು. ಇಷ್ಟನ್ನು ಅವಳ ಕೈಯಲ್ಲೇ ಬರೆಸಿ, ಕೆಳಗೆ ಕಾಲೇಜಿನ ಪರವಾಗಿ ನನ್ನ ಟಿಪ್ಪಣಿ ಹಾಕಿ, ತಹಸೀಲ್ದಾರರಿಗೆ ಅರ್ಜಿ ಸಿದ್ಧ ಮಾಡಿದೆ. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿಗೇ ಸೇರಿತ್ತು, ಬುಕ್ಕಸಾಗರವೂ ಅಷ್ಟೇ. ಅಪ್ಪ, ಮಗಳು, ಅತ್ತೆ ಮೂವರೂ ಒಬ್ಬನೇ ಅಧಿಕಾರಿಯ ಕೈಕೆಳಗೆ ಬರುತ್ತಿದ್ದರು.

ತಾಲ್ಲೂಕು ಕಚೇರಿಯಲ್ಲಿ ಟಪಾಲಿನ ಗುಮಾಸ್ತ ಅರ್ಜಿ ಓದಿ ಇಂಥದ್ದೆಲ್ಲ ಬರುವುದಿಲ್ಲಮ್ಮಾ ಎಂದ. ಸರ್ಕಾರಿ ಕಚೇರಿಯಲ್ಲಿ ನಾನು ಕಲಿತ ವಿದ್ಯೆ ಒಂದೇ. ಬಾಯಲ್ಲಿ ಹೇಳಿದ ‘ಇಲ್ಲ’ವನ್ನು ತೆಗೆದುಕೊಳ್ಳಬಾರದು. ಬರುವುದಿಲ್ಲ ಎಂಬುದನ್ನೇ ಕಾರಣ ಸಹಿತ ಹಿಂಬರಹ ಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದೆ. ಬರಹದಲ್ಲಿ ಇಲ್ಲ ಎನ್ನಲು ಯಾರಿಗೂ ಕೈ ಬರುವುದಿಲ್ಲ. ಅವನು ನನ್ನ ಮುಖವನ್ನೂ ಅರ್ಜಿಯನ್ನೂ ನೋಡಿ, ಮುದ್ರೆ ಒತ್ತಿ ಸ್ವೀಕೃತಿ ಕೊಟ್ಟ.

ವಿಚಾರಣೆಯ ನೋಟಿಸು ಕಂಪ್ಲಿಗೆ ಹೋಯಿತು. ಅದು ಹೋದದ್ದೇ ತಡ, ಮಗಳು ಇಲ್ಲ ಎಂದಿದ್ದ ಅಪ್ಪನಿಗೆ ಮಗಳು ಹುಟ್ಟಿಬಿಟ್ಟಳು. ತಕರಾರು ಅರ್ಜಿ ಹಾಕಿದ: ಅವಳು ನನ್ನ ಸ್ವಂತ ಮಗಳು, ನಾನು ಸಾಕಲು ಶಕ್ತನಿದ್ದೇನೆ, ಅವಳಿಗೆ ಬಡವರ ಸವಲತ್ತು ಕೊಟ್ಟರೆ ನನ್ನ ಮಾನಕ್ಕೆ ಕುಂದು, ಅವಳನ್ನು ಮನೆಗೆ ಕಳಿಸಿಕೊಡಬೇಕು. ಟಿಪ್ಪರ್ ಸಾಲು ನಿಲ್ಲಿಸಿಕೊಂಡವನ ಮಗಳು ಸರ್ಕಾರಿ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದನ್ನು ಅವನು ಸಹಿಸಲಾರ. ಅವಳು ಹೊಳೆದಂಡೆಯಲ್ಲಿ ಸುಟ್ಟು ಬೂದಿಯಾಗುವುದನ್ನು ಸಹಿಸಿದ್ದ. ತಕರಾರು ಬಂದದ್ದರಿಂದ ಹಾಸ್ಟೆಲಿನವರು ಅವಳ ಜಾಗವನ್ನು ತಡೆಹಿಡಿದರು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹತ್ತಿರವಾಗುತ್ತಿತ್ತು.

ಪ್ರಾಂಶುಪಾಲರು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಹೆದರುಪುಕ್ಕಲು. ಕಾಲೇಜಿನ ಹೊಸ ಕಟ್ಟಡಕ್ಕೆ ಕೊಡುಗೆ ಕೊಟ್ಟವರಲ್ಲಿ ಲಾರಿ ಮಾಲೀಕರೇ ಹೆಚ್ಚು. ಯಾರೋ ಫೋನು ಮಾಡಿದ್ದರು. ಅಪ್ಪ ಮಗಳ ಜಗಳದಲ್ಲಿ ನಾವ್ಯಾಕೆ ಮೂಗು ತೂರಿಸಬೇಕು, ನಿಮ್ಮ ಟಿಪ್ಪಣಿ ವಾಪಸು ತೆಗೆದುಕೊಂಡುಬಿಡಿ ಎಂದರು. ಆಗಲಿ ಸರ್, ತೆಗೆದುಕೊಳ್ಳಬೇಕೆಂದು ಒಂದು ಮೆಮೊ ಕೊಡಿ ಎಂದೆ. ಮೆಮೊ ಯಾಕೆ, ಹೇಳಿದರೆ ಸಾಲದೇ ಎಂದರು. ಸಾಲದು ಸರ್, ನನಗೆ ಮರೆವು ಜಾಸ್ತಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮೆಮೊ ಬರಲಿಲ್ಲ, ಟಿಪ್ಪಣಿ ಇದ್ದಲ್ಲೇ ಇತ್ತು.

ಆದರೆ ಹಟದಿಂದ ವಿಚಾರಣೆ ಗೆಲ್ಲುವುದಕ್ಕಾಗುವುದಿಲ್ಲ. ಅಪ್ಪ ಬಂದು ನನ್ನ ಮಗಳು, ನಾನು ಸಾಕುತ್ತೇನೆ ಎಂದರೆ ಕಾಯಿದೆ ಅವನ ಕಡೆ. ತಿಥಿ ಎಂಬುದು ನಮ್ಮ ಬಾಯಿಮಾತು. ಅವನು ಇಲ್ಲ ಎಂದರೆ ಮುಗಿಯಿತು. ತಹಸೀಲ್ದಾರರು ನನ್ನನ್ನು ಒಳಗೆ ಕರೆದು ಅದನ್ನೇ ಕೇಳಿದರು: ತಿಥಿ ಆದದ್ದಕ್ಕೆ ಏನು ಆಧಾರ? ಆಗ ಹೊಳೆಯಿತು. ತಿಥಿ ಯಾರೂ ಗುಟ್ಟಾಗಿ ಮಾಡುವುದಿಲ್ಲ. ಉಂಡವರಿದ್ದಾರೆ. ಇಡೀ ದೈವವೇ ಉಂಡಿದೆ. ನಾಲ್ಕು ಜನಕ್ಕೆ ಗೊತ್ತಾಗಲಿ ಎಂದೇ ಅವನು ಊಟ ಹಾಕಿಸಿದ್ದು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದ, ಅದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಊಟ ಮಾಡಿದವರ ಹೇಳಿಕೆ ತಂದರೆ ನಡೆಯುತ್ತದೆಯೇ ಎಂದೆ. ಅವರು, ಪಂಚರಾಗಿ ಇಬ್ಬರು ಎದುರಿಗೆ ಬಂದು ಹೇಳಿದರೆ ಮಹಜರಿನಲ್ಲಿ ಬರೆದುಕೊಳ್ಳುತ್ತೇನೆ ಎಂದರು.

ಅತ್ತೆಯನ್ನು ಕರೆದುಕೊಂಡು ಮತ್ತೆ ಕಂಪ್ಲಿಗೆ ಹೋದೆ. ಅತ್ತೆಗೆ ಅದು ತವರೂರು, ಒಂದೊಂದು ಕಟ್ಟೆಯೂ ಗೊತ್ತು. ಮನೆ ಮನೆ ತಿರುಗಿದೆವು. ಎಲ್ಲರೂ ನೀರು ಕೊಟ್ಟರು, ಮಾತು ಕೊಡಲಿಲ್ಲ. ಒಬ್ಬನ ಮಗ ಹುಡುಗಿಯ ಅಪ್ಪನ ಟಿಪ್ಪರಿಗೆ ಡ್ರೈವರು, ಇನ್ನೊಬ್ಬನ ಅಳಿಯ ಕ್ಲೀನರು. ಕೆಲವರಿಗೆ ಆ ದಿನ ಊಟಕ್ಕೆ ಹೋಗಿದ್ದೇ ನೆನಪಿಲ್ಲ. ಪಾಯಸದ ರುಚಿ ನೆನಪಿದ್ದ ಒಬ್ಬ ಮಾತ್ರ, ಉಂಡ ಮನೆಗೆ ಎರಡು ಬಗೆಯಬಾರದು ತಾಯಿ ಎಂದು ಕೈ ಮುಗಿದ. ಅತ್ತೆ ಅವನಿಗೆ, ಉಣ್ಣುವಾಗ ಹುಡುಗಿ ಬದುಕಿರುವುದು ಗೊತ್ತಿರಲಿಲ್ಲವೇನೋ ನಿನಗೆ ಎಂದು ಕೇಳಿದಳು. ಅವನು ಎದ್ದು ಒಳಗೆ ಹೋದ.

ದೈವಕ್ಕೆ ಎಲ್ಲರಿಗಿಂತ ಹಿರಿಯನಾದವನ ಮನೆ ಕೊನೆಗೆ. ರೈಸ್ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದ ಮುದುಕ. ಅವನ ಮೊಮ್ಮಗನೂ ಹುಡುಗಿಯ ಅಪ್ಪನದೇ ಒಂದು ಟಿಪ್ಪರು ಓಡಿಸುತ್ತಿದ್ದ. ನಾನು ಆಸೆ ಬಿಟ್ಟೇ ಕೂತೆ. ಹುಡುಗಿಗೆ ಬೇಕಾದದ್ದೇನು ಎಂದು ಕೇಳಿದ. ಅತ್ತೆ ಹೇಳಿದಳು. ಮುದುಕ ಬಹಳ ಹೊತ್ತು ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದ. ಆಮೇಲೆ, ತಿಥಿಯ ದಿನ ಮೊದಲ ಪಂಕ್ತಿಯಲ್ಲಿ ಮೊದಲನೆಯ ಎಲೆ ತನ್ನದೇ ಆಗಿತ್ತು ಎಂದ. ಅವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಆದರೂ ಎದ್ದು ಬರುವ ಧೈರ್ಯ ಆಗಲಿಲ್ಲ ಎಂದ. ಬಂದು ಹೇಳುತ್ತೀರಾ ಎಂದು ಕೇಳಿದೆ.

“ಉಂಡದ್ದನ್ನ ಇಲ್ಲ ಅನ್ನಾಕ ಬರಂಗಿಲ್ಲಮ್ಮ,” ಎಂದ. “ಬಸ್ಸಿನ ತನಕ ಯಾರಾರ ಕೈ ಹಿಡ್ಕೊಳ್ರಿ, ಬರ್ತೀನಿ.”

ಅವನ ಜೊತೆ ಅವನ ತಮ್ಮನೂ ಬರುವುದೆಂದಾಯಿತು. ಅಣ್ಣ ಹೊರಟರೆ ತಾನು ಉಳಿಯುವ ಹಾಗಿಲ್ಲವಲ್ಲ ಎಂದು ಗೊಣಗುತ್ತಲೇ ಒಪ್ಪಿದ. ಮೊಮ್ಮಗನ ಕೆಲಸ ಹೋಗಬಹುದು ಎಂದು ನಾನೇ ನೆನಪು ಮಾಡಿದೆ, ಮಾಡದಿದ್ದರೆ ತಪ್ಪಾಗುತ್ತಿತ್ತು. ಸ್ಟಿಯರಿಂಗ್ ಹಿಡಿಯಲು ಬರುವವನಿಗೆ ಈ ಕಾಲದಲ್ಲಿ ಇನ್ನೊಂದು ಟಿಪ್ಪರು ಸಿಗುತ್ತದೆ ಎಂದ ಮುದುಕ. ಅದು ನಿಜವೇ ಆಗಿತ್ತು.

ವಿಚಾರಣೆಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ, ತನ್ನ ಕಡೆಯ ಇಬ್ಬರನ್ನು ಹಿಂದಿಟ್ಟುಕೊಂಡು ಬಂದ. ಮೂಲೆಯಲ್ಲಿ ಕೂತಿದ್ದ ಹಿರಿಯನನ್ನು ನೋಡಿ ಅವನ ನಡಿಗೆ ಸ್ವಲ್ಪ ತಡೆಯಿತು. ಹುಡುಗಿ ಅತ್ತೆಯ ಪಕ್ಕ ನಿಂತಿದ್ದಳು. ಅವಳ ಕಡೆ ಅವನು ನೋಡಲಿಲ್ಲ. ತಹಸೀಲ್ದಾರರು ತಕರಾರನ್ನು ಓದಿ ಹೇಳಿದರು, ಇದು ನಿಮ್ಮದೇ ಹೇಳಿಕೆಯೇ ಎಂದರು.

“ನಂದ ರೀ ಸಾಹೇಬ್ರ. ನನ್ನ ರಕ್ತ ಅಕಿ. ನನ್ನ ಮಗಳು ಸರ್ಕಾರದ ಕೂಳು ಉಣ್ಣೋ ಗತಿ ಬಂದಿಲ್ಲ ನನಗ.”

ತಿಥಿ ಮಾಡಿದ್ದು ನಿಜವೇ ಎಂದು ಕೇಳಿದರು. ಅದೆಲ್ಲ ಸಿಟ್ಟಿನಲ್ಲಿ ಆದದ್ದು, ಮನೆಯೊಳಗಿನ ಮಾತು, ಕಚೇರಿಗೆ ಅದರ ಕೆಲಸವಿಲ್ಲ ಎಂದ. ಆ ಮಾತಿಗೆ ತಹಸೀಲ್ದಾರರು ಒಪ್ಪಿದವರಂತೆ ತಲೆಯಾಡಿಸಿದರು. ಕೈ ತಪ್ಪಿತು ಎಂದುಕೊಂಡೆ. ಅಷ್ಟರಲ್ಲಿ ಹಿರಿಯ ಗೋಡೆ ಹಿಡಿದು ಎದ್ದು ನಿಂತ. ಅಧಿಕಾರಿಯನ್ನು ಬಿಟ್ಟು ನೇರ ಅಪ್ಪನನ್ನೇ ಮಾತಾಡಿಸಿದ.

“ಮಗಳು ಅದಾಳ ಅಂದ್ರ, ನಾ ಉಂಡದ್ದು ಯಾರ ಕೂಳಪ್ಪಾ?”

ಹಿರಿಯನ ದನಿ ಏರಲಿಲ್ಲ. ಮಗಳು ಬದುಕಿದ್ದಾಳೆ ಎಂದು ಅವನು ಒಪ್ಪಿಕೊಂಡರೆ ತನಗಿಂತ ಸಂತೋಷಪಡುವವರು ಯಾರೂ ಇಲ್ಲ ಎಂದ. ಸತ್ತಳೆಂದು ಕಳೆದುಕೊಂಡವಳನ್ನು ಮತ್ತೆ ಪಡೆಯಬೇಕಾದರೆ ಅದಕ್ಕೂ ರೀತಿ ಉಂಟು. ಅವರ ಕುಲದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

“ನಾಳೇನ ದೈವ ಕೂಡಸು. ತಪ್ಪಾತು ಅಂತ ಎಲ್ಲಾರ ಮುಂದ ಹೇಳು. ತೊಟ್ಲ ಕಟ್ಟು, ಅಕಿಗೆ ಮತ್ತ ಹೆಸರಿಡು. ನಾನ ಮುಂದ ನಿಂತು ಮಾಡಸ್ತೀನಿ. ಆಮ್ಯಾಲೆ ನಿನ್ನ ಮಗಳು, ನಿನ್ನ ಮನಿ, ನಾವ್ಯಾರೂ ಕೇಳಂಗಿಲ್ಲ.”

ಅಪ್ಪ ಆಗ ಮಗಳ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಇಷ್ಟು ದಿನ ಯಾರಿಗಾಗಿ ಕಚೇರಿ ಕಚೇರಿ ಅಲೆದಿದ್ದೆನೋ ಅವಳ ಮುಖದ ಮೇಲೆ, ಬಾಯಿ ಬಿಟ್ಟು ಹೇಳದಿದ್ದರೂ, ತಪ್ಪಾಯಿತು ಎಂದುಬಿಡಲಿ ಎಂಬ ಆಸೆ ಇತ್ತು. ನನಗೂ ಇತ್ತು. ಹಾಗೆ ಅಂದುಬಿಟ್ಟಿದ್ದರೆ ನನ್ನ ಟಿಪ್ಪಣಿಯನ್ನು ನಾನೇ ಹರಿದು ಹಾಕಿ, ಅವನು ಫೀಸು ಕಟ್ಟಿದ ರಸೀದಿಗೆ ಮುದ್ರೆ ಒತ್ತಿ, ಮನೆಗೆ ಹೋಗಿ ಹಾಯಾಗಿ ಮಲಗುತ್ತಿದ್ದೆ. ಸಂಡೂರಿನವರ ಮುಂದೆ ಒಮ್ಮೆ ತಲೆ ತಗ್ಗಿಸಿದ ಮನುಷ್ಯ ದೈವದ ಮುಂದೆ ಇನ್ನೊಮ್ಮೆ ತಗ್ಗಿಸಬೇಕಿತ್ತು. ಅವನು ಹಣೆ ಒರೆಸಿಕೊಂಡ, ಹಿಂದೆ ನಿಂತಿದ್ದ ಇಬ್ಬರನ್ನು ನೋಡಿದ, ಹಿರಿಯನನ್ನು ನೋಡಿದ.

“ದೈವದ ಮುಂದ ನಾ ತಪ್ಪು ಒಪ್ಪಂಗಿಲ್ಲ,” ಎಂದ. “ಬರ್ಕೊಳ್ರಿ ಸಾಹೇಬ್ರ. ನನಗ ಮಗಳಿಲ್ಲ.”

ತಹಸೀಲ್ದಾರರು ಮತ್ತೊಮ್ಮೆ ಕೇಳಿದರು, ಯೋಚಿಸಿ ಹೇಳಿ ಎಂದರು. ಅವನು ಅದನ್ನೇ ಹೇಳಿದ. ಗುಮಾಸ್ತ ಬರೆದ: ಅರ್ಜಿದಾರಳಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅವಳ ತಿಥಿಯನ್ನು ಕುಲಸ್ಥರ ಸಮಕ್ಷಮ ಮಾಡಿದ್ದೇನೆ, ಅವಳ ಪೋಷಣೆಯನ್ನು ನಾನು ಮಾಡುತ್ತಿಲ್ಲ, ತಕರಾರನ್ನು ಹಿಂದಕ್ಕೆ ಪಡೆದಿದ್ದೇನೆ. ಅವನು ಓದಿಸಿ ಕೇಳಿಸಿಕೊಂಡು ಸಹಿ ಹಾಕಿದ. ಕೆಳಗೆ ಪಂಚರಾಗಿ ಹಿರಿಯ ಹೆಬ್ಬೆಟ್ಟು ಒತ್ತಿದ, ಅವನ ತಮ್ಮನೂ ಸಹಿ ಹಾಕಿದ. ಹೋಗುವಾಗ ಅಪ್ಪ ನನ್ನ ಪಕ್ಕದಲ್ಲೇ ದಾಟಿದ. ಗೆದ್ದಿರಲ್ಲ ಅಮ್ಮಾರ ಎಂದ. ಗೆದ್ದವರು ಯಾರೆಂದು ನನಗೆ ಗೊತ್ತಾಗಲಿಲ್ಲ, ಆದರೆ ಸೋತವಳ ಹಾಗೆ ಅವನ ಮುಂದೆ ನಿಲ್ಲುವ ಮನಸ್ಸೂ ಇರಲಿಲ್ಲ. ಹುಡುಗಿ ಓದ್ತಾಳೆ ಬಿಡಿ ಎಂದೆ.

ಅವಳ ಹೆಸರಿನಲ್ಲೇ ಆದಾಯ ಪ್ರಮಾಣಪತ್ರ ಕೊಡಬಹುದು ಎಂದು ತಹಸೀಲ್ದಾರರು ಷರಾ ಬರೆದರು. ತಕರಾರು ಹೋದ ಮೇಲೆ ಹಾಸ್ಟೆಲಿನವರಿಗೂ ಅವಳ ಜಾಗ ತಡೆಯಲು ಕಾರಣ ಉಳಿಯಲಿಲ್ಲ. ನಾನು ಆ ಹೇಳಿಕೆಯ ನಕಲನ್ನೂ ಕೇಳಿ ಪಡೆದುಕೊಂಡೆ. ಹೊರಗೆ ಅತ್ತೆ ಹಿರಿಯನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದಳು. ಹುಡುಗಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ನಕಲನ್ನು ಕೈಗೆ ತೆಗೆದುಕೊಂಡಳು. ಮೇಲಿನ ಸಾಲುಗಳನ್ನು ಓದಲಿಲ್ಲ, ಕೆಳಗಿನ ಸಹಿಯನ್ನೇ ನೋಡುತ್ತಿದ್ದಳು.

“ನನ್ನ ಓದಿಗೆ ಅಂತ ನಮ್ಮಪ್ಪ ಹಾಕಿದ ಮೊದಲ್ನೇ ಸಹಿ ರೀ ಮೇಡಂ ಇದು,” ಎಂದಳು.

ಆಮೇಲೆ ಅತ್ತಳು. ರಸ್ತೆಯಲ್ಲಿ ಟಿಪ್ಪರುಗಳು ಹೋಗುತ್ತಲೇ ಇದ್ದವು, ಅದಿರಿನ ಧೂಳು ಕೂತ ಅವಳ ಕೆನ್ನೆಯ ಮೇಲೆ ಕೆಂಪು ಗೆರೆ ಇಳಿಯಿತು. ನಾನು ಸಮಾಧಾನ ಹೇಳಲಿಲ್ಲ, ನನಗೂ ಅದೇ ಆಗುತ್ತಿತ್ತು. ಸೆರಗ ತುದಿ ಕೊಟ್ಟೆ. ಮುಖ ಒರೆಸಿಕೊಂಡು, ನಾಳೆ ಕಿಟಕಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿದಳು.

ಮಾರನೆಯ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು. ಪ್ರಮಾಣಪತ್ರ ಸಿಕ್ಕ ಕೂಡಲೇ ಲಗತ್ತಿಸುವುದಾಗಿ ಬರೆದು, ಹೇಳಿಕೆಯ ನಕಲನ್ನು ಹಿಂದೆ ಪಿನ್ನು ಮಾಡಿ ಅರ್ಜಿ ಕೊಟ್ಟಳು. ನಾನು ವಾಡಿಕೆಯಂತೆ ಕೊನೆಯ ಪುಟ ತಿರುವಿದೆ. ತಂದೆಯ ಸಹಿ ಇರಬೇಕಾದ ಕಡೆ, ಅದೇ ಮುತ್ತಿನಂಥ ಅಕ್ಷರದಲ್ಲಿ, ‘ಜೊತೆಗೆ ಇಟ್ಟಿದೆ’ ಎಂದು ಬರೆದಿದ್ದಳು. ಮುದ್ರೆ ಒತ್ತಿ ಒಳಗೆ ತೆಗೆದುಕೊಂಡೆ.